ಸ್ತನ ಕ್ಯಾನ್ಸರ್: ರೋಗಿಯ ಬಾಲ್ಯದ ಊರನ್ನೂ ಕೇಳಬೇಕು

ಮಾನ್ಯ ಸಂಪಾದಕರೇ,

ಸ್ತನ ಕ್ಯಾನ್ಸರ್ ಜಾಗೃತಿ ಮಾಸದ ಅಂಗವಾಗಿ ಅಕ್ಟೋಬರ್ ತಿಂಗಳಿಡೀ ತಮ್ಮ ಪತ್ರಿಕೆಯಲ್ಲಿ ಬಂದ ಲೇಖನಗಳನ್ನು ಗಮನವಿಟ್ಟು ಓದಿದ್ದೇನೆ. ಮ್ಯಾಮೊಗ್ರಾಂ, ವಂಶಪಾರಂಪರ್ಯ, ದೇಹದ ತೂಕ, ಮದ್ಯಪಾನ, ತಡವಾದ ಹೆರಿಗೆ, ಎದೆಹಾಲು ಉಣಿಸುವಿಕೆ ಇವುಗಳ ಬಗ್ಗೆ ವೈದ್ಯರು ಬರೆದದ್ದು ಸರಿಯಾಗಿದೆ. ಅದನ್ನು ಓದಿ ತಪಾಸಣೆಗೆ ಹೋದ ಮಹಿಳೆಯರು ನನ್ನ ಪರಿಚಯದಲ್ಲೇ ಇದ್ದಾರೆ. 2022ರಲ್ಲಿ ಭಾರತದಲ್ಲಿ ಸುಮಾರು 1.92 ಲಕ್ಷ ಮಹಿಳೆಯರಲ್ಲಿ ಈ ರೋಗ ಹೊಸದಾಗಿ ಕಾಣಿಸಿಕೊಂಡಿತು, ಸುಮಾರು 98 ಸಾವಿರ ಮಂದಿ ತೀರಿಕೊಂಡರು ಎಂಬ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜನ್ನು ನೋಡಿದರೆ, ಇಂತಹ ಬರಹಗಳು ಇನ್ನಷ್ಟು ಬರಬೇಕು ಎಂದೇ ಅನ್ನಿಸುತ್ತದೆ. ಆದರೆ ಒಂದು ವಿಷಯ ಆ ಲೇಖನಗಳಲ್ಲಿ ಎಲ್ಲಿಯೂ ಬರಲಿಲ್ಲ. ನಮ್ಮ ದೇಹದ ಈಸ್ಟ್ರೋಜೆನ್ ಹಾರ್ಮೋನನ್ನು ಅನುಕರಿಸುವ ಹೊರಗಿನ ರಾಸಾಯನಿಕಗಳು ಸ್ತನದ ಕೋಶಗಳ ಮೇಲೆ, ಅದರಲ್ಲೂ ಕ್ಯಾನ್ಸರ್ ಕೋಶಗಳ ಮೇಲೆ, ಏನು ಮಾಡುತ್ತವೆ ಎಂಬುದೇ ಆ ವಿಷಯ. ಬೇರೆಲ್ಲಿಯಾದರೂ ಇದನ್ನು ಬಿಟ್ಟುಬಿಡಬಹುದಿತ್ತೇನೋ, ದಕ್ಷಿಣ ಕನ್ನಡದಲ್ಲಿ ಬಿಡುವಂತಿಲ್ಲ. ಏಕೆ ಎಂಬುದನ್ನು ವಿವರಿಸಲು ಸ್ವಲ್ಪ ಹೆಚ್ಚು ಜಾಗ ಕೇಳುತ್ತಿದ್ದೇನೆ.

ಈ ವಿಷಯದಲ್ಲಿ ಇಂದು ಗೊತ್ತಿರುವುದರ ಬಹುಪಾಲು ಎಂಸಿಎಫ್-7 ಎಂಬ ಒಂದು ಕೋಶಸಂತತಿಯಿಂದ ಬಂದದ್ದು. ಅಮೆರಿಕದ ಡೆಟ್ರಾಯಿಟ್ ನಗರದ ಮಿಷಿಗನ್ ಕ್ಯಾನ್ಸರ್ ಫೌಂಡೇಶನ್‌ನಲ್ಲಿ ಹರ್ಬರ್ಟ್ ಸೂಲ್ ಮತ್ತು ಸಂಗಡಿಗರು, ಸ್ತನ ಕ್ಯಾನ್ಸರ್ ಶ್ವಾಸಕೋಶದ ಪೊರೆಗೆ ಹರಡಿದ್ದ 69 ವರ್ಷದ ಕ್ರೈಸ್ತ ಸನ್ಯಾಸಿನಿಯೊಬ್ಬರ ಎದೆಯಲ್ಲಿ ತುಂಬಿಕೊಂಡ ದ್ರವದಿಂದ ಈ ಕೋಶಗಳನ್ನು ಬೇರ್ಪಡಿಸಿ ಬೆಳೆಸಿದರು. 1973ರಲ್ಲಿ ಅದರ ವರದಿ ಪ್ರಕಟವಾಯಿತು. ಆ ಸನ್ಯಾಸಿನಿಯ ಕೋಶಗಳು ಇಂದಿಗೂ ಜಗತ್ತಿನಾದ್ಯಂತ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿವೆ. ಟ್ಯಾಮಾಕ್ಸಿಫೆನ್ ಮಾತ್ರೆ ಸ್ತನ ಕ್ಯಾನ್ಸರ್ ಕೋಶವನ್ನು ಹೇಗೆ ತಡೆಯುತ್ತದೆ ಎಂಬ ತಿಳಿವಳಿಕೆಯ ದೊಡ್ಡ ಭಾಗವೂ ಅವುಗಳಿಂದಲೇ ಬಂದಿದೆ. ಅವರಿಗೆ ನಾವೆಲ್ಲ ಋಣಿಗಳು.

ಈ ಕೋಶಗಳ ವಿಶೇಷವೆಂದರೆ ಅವುಗಳಲ್ಲಿ ಈಸ್ಟ್ರೋಜೆನ್ ರಿಸೆಪ್ಟರ್ ಎಂಬ ಪ್ರೋಟೀನ್ ಹೇರಳವಾಗಿದೆ. ಅಂಡಾಶಯದಲ್ಲಿ ತಯಾರಾದ ಈಸ್ಟ್ರೋಜೆನ್ ರಕ್ತದ ಮೂಲಕ ಬಂದು ಈ ಪ್ರೋಟೀನಿಗೆ ಅಂಟಿಕೊಂಡಾಗ ಅದರ ಆಕಾರ ಬದಲಾಗುತ್ತದೆ. ಹಾಗೆ ಬದಲಾದ ಎರಡು ರಿಸೆಪ್ಟರುಗಳು ಜೋಡಿಯಾಗಿ ಡಿಎನ್‌ಎಯ ನಿರ್ದಿಷ್ಟ ಸ್ಥಳಗಳಲ್ಲಿ ಕುಳಿತು, ಕೋಶ ವಿಭಜನೆಗೆ ಬೇಕಾದ ಜೀನುಗಳನ್ನು ಚಾಲನೆಗೊಳಿಸುತ್ತವೆ. ಬಯಾಪ್ಸಿ ವರದಿಯಲ್ಲಿ ‘ಇಆರ್ ಪಾಸಿಟಿವ್’ ಎಂದು ಬರೆದಿದ್ದರೆ ಆ ಗಡ್ಡೆಯ ಕೋಶಗಳಲ್ಲಿ ಈ ರಿಸೆಪ್ಟರ್ ಇದೆ ಎಂದು ಅರ್ಥ. ಸ್ತನ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ಈ ಬಗೆಯವೇ. ಟ್ಯಾಮಾಕ್ಸಿಫೆನ್ ಈ ರಿಸೆಪ್ಟರಿನ ಜಾಗವನ್ನು ತಾನು ಹಿಡಿದುಕೊಂಡು ಈಸ್ಟ್ರೋಜೆನ್‌ಗೆ ಎಡೆಯಿಲ್ಲದಂತೆ ಮಾಡುತ್ತದೆ. ಹೀಗಿರುವಾಗ, ಹೊರಗಿನಿಂದ ಬಂದ ಬೇರೊಂದು ರಾಸಾಯನಿಕ ಅದೇ ಜಾಗಕ್ಕೆ ಬಂದು ಈಸ್ಟ್ರೋಜೆನ್‌ನಂತೆ ಕೆಲಸ ಮಾಡಿದರೆ ಏನಾಗುತ್ತದೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಈ ಪ್ರಶ್ನೆಗೆ ಸಿಕ್ಕಿದ ಮೊದಲ ಉತ್ತರಗಳಲ್ಲಿ ಹಲವು ಹುಡುಕಿ ಸಿಕ್ಕಿದವಲ್ಲ, ಪ್ರಯೋಗ ಕೆಟ್ಟದ್ದರಿಂದ ಸಿಕ್ಕಿದವು. 1986ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಬೆನಿಟಾ ಕಾಟ್ಸೆನೆಲೆನ್‌ಬೋಗನ್ ಅವರ ತಂಡ, ಕೋಶಗಳನ್ನು ಬೆಳೆಸುವ ದ್ರಾವಣದ ಆಮ್ಲೀಯತೆ ತಿಳಿಯಲು ಎಲ್ಲರೂ ಸೇರಿಸುತ್ತಿದ್ದ ಫೀನಾಲ್ ರೆಡ್ ಎಂಬ ಬಣ್ಣವೇ ಎಂಸಿಎಫ್-7 ಕೋಶಗಳ ಮೇಲೆ ಈಸ್ಟ್ರೋಜೆನ್‌ನಂತೆ ವರ್ತಿಸುತ್ತದೆ ಎಂದು ತೋರಿಸಿತು. ಅಲ್ಲಿಯವರೆಗೆ ‘ಹಾರ್ಮೋನ್ ಇಲ್ಲದ’ ದ್ರಾವಣ ಎಂದು ನಂಬಿ ನಡೆಸಿದ ಎಷ್ಟೋ ಪ್ರಯೋಗಗಳನ್ನು ಮರುಪರಿಶೀಲಿಸಬೇಕಾಯಿತು. ಕೆಲವು ವರ್ಷಗಳಲ್ಲಿಯೇ ಬೋಸ್ಟನ್ನಿನ ಟಫ್ಟ್ಸ್ ವಿಶ್ವವಿದ್ಯಾಲಯದ ಅನಾ ಸೋಟೊ ಮತ್ತು ಕಾರ್ಲೋಸ್ ಸೊನೆನ್‌ಶೈನ್ ಇಂಥದ್ದೇ ಗೊಂದಲಕ್ಕೆ ಸಿಕ್ಕಿಬಿದ್ದರು. ರಕ್ತದ್ರವದಲ್ಲಿರುವ ಈಸ್ಟ್ರೋಜೆನ್ ಅನ್ನು ಇದ್ದಿಲಿನಿಂದ ಹೀರಿ ತೆಗೆದ ಮೇಲೆ ಸುಮ್ಮನಿರಬೇಕಾದ ಕೋಶಗಳು ಇದ್ದಕ್ಕಿದ್ದಂತೆ ಒಂದೇ ಸಮನೆ ವಿಭಜನೆಗೊಳ್ಳತೊಡಗಿದವು. ತಿಂಗಳುಗಟ್ಟಲೆ ಒಂದೊಂದೇ ಸಾಮಗ್ರಿಯನ್ನು ಬದಲಿಸಿ ನೋಡಿದ ಮೇಲೆ, ದ್ರವವನ್ನು ತುಂಬಿಡುತ್ತಿದ್ದ ಪ್ಲಾಸ್ಟಿಕ್ ಟ್ಯೂಬುಗಳ ಮೇಲೆ ಅನುಮಾನ ಬಂತು. ತಯಾರಕರು ಪ್ಲಾಸ್ಟಿಕ್ಕಿನ ಮಿಶ್ರಣವನ್ನು ಬದಲಿಸಿದ್ದರು. ಏನು ಸೇರಿಸಿದ್ದೀರಿ ಎಂದು ಕೇಳಿದರೆ ಅದು ವ್ಯಾಪಾರದ ಗುಟ್ಟು ಎಂಬ ಉತ್ತರ ಬಂತು. ಕೊನೆಗೆ ಸಂಶೋಧಕರೇ ಆ ವಸ್ತುವನ್ನು ಬೇರ್ಪಡಿಸಿ, ಅದು ನಾನಿಲ್‌ಫೀನಾಲ್ ಎಂದು ಗುರುತಿಸಿ 1991ರಲ್ಲಿ ಪ್ರಕಟಿಸಿದರು. ಕೆಲವು ಬಗೆಯ ಡಿಟರ್ಜೆಂಟುಗಳು ಚರಂಡಿ ನೀರಿನಲ್ಲಿ ಒಡೆದಾಗ ಉಳಿಯುವ ವಸ್ತುವೂ ಇದೇ.

1993ರಲ್ಲಿ ಸ್ಟ್ಯಾನ್‌ಫರ್ಡ್‌ನ ಡೇವಿಡ್ ಫೆಲ್ಡ್‌ಮನ್ ಅವರ ತಂಡಕ್ಕೂ ಹೀಗೆಯೇ ಆಯಿತು. ಯೀಸ್ಟ್ ತಾನೇ ಈಸ್ಟ್ರೋಜೆನ್ ತಯಾರಿಸುತ್ತದೆ ಎಂದು ಅವರು ಭಾವಿಸಿದ್ದರು. ಅದು ಬರುತ್ತಿದ್ದದ್ದು ಪಾಲಿಕಾರ್ಬೊನೇಟ್ ಫ್ಲಾಸ್ಕುಗಳಿಂದ, ಶುದ್ಧೀಕರಣಕ್ಕೆಂದು ಬಿಸಿ ಮಾಡಿದಾಗ ನೀರಿಗೆ ಇಳಿಯುತ್ತಿದ್ದ ಬಿಸ್ಫೀನಾಲ್-ಎ ಅಥವಾ ಬಿಪಿಎ ಎಂಬ ವಸ್ತುವಾಗಿ. ಅದನ್ನು ಎಂಸಿಎಫ್-7 ಕೋಶಗಳಿಗೆ ಕೊಟ್ಟಾಗ ಅವು ಹೆಚ್ಚು ವೇಗವಾಗಿ ಬೆಳೆದವು. ವಾಸ್ತವದಲ್ಲಿ ಬಿಪಿಎಗೆ ಈಸ್ಟ್ರೋಜೆನ್ ಗುಣವಿದೆ ಎಂಬುದನ್ನು ಚಾರ್ಲ್ಸ್ ಡಾಡ್ಸ್ ಲಂಡನ್ನಿನಲ್ಲಿ 1936ರಲ್ಲಿಯೇ ತೋರಿಸಿದ್ದರು. ಅದನ್ನು ಪ್ಲಾಸ್ಟಿಕ್ ತಯಾರಿಕೆಗೆ ದೊಡ್ಡ ಪ್ರಮಾಣದಲ್ಲಿ ಬಳಸತೊಡಗಿದ್ದು ಅದಾದ ಎಷ್ಟೋ ವರ್ಷಗಳ ಮೇಲೆ. ಗೊತ್ತಿದ್ದ ಸಂಗತಿಯನ್ನು ಯಾರೂ ನೆನಪಿಡಲಿಲ್ಲ ಎಂಬುದು ನನಗೆ ಇಂದಿಗೂ ನೋವಿನ ವಿಷಯ.

ಈ ಪ್ರಯೋಗಗಳು ಒಂದು ಸಂಗತಿಯನ್ನು ಸಂಶಯಕ್ಕೆಡೆಯಿಲ್ಲದೆ ಹೇಳುತ್ತವೆ: ಹೊರಗಿನ ರಾಸಾಯನಿಕಗಳು ಸ್ತನ ಕ್ಯಾನ್ಸರ್ ಕೋಶಗಳ ಮೇಲೆ ಈಸ್ಟ್ರೋಜೆನ್‌ನಂತೆ ವರ್ತಿಸಬಲ್ಲವು. ಬಣ್ಣ, ಟ್ಯೂಬು, ಫ್ಲಾಸ್ಕು ಎಲ್ಲವನ್ನೂ ಬದಲಿಸಿದ ಮೇಲೆ ವಿಜ್ಞಾನಿಗಳಿಗೆ ‘ಏನೂ ಸೋಂಕದ’ ಕೋಶಗಳು ಹೋಲಿಕೆಗೆ ಸಿಕ್ಕವು. ಊರಿನಲ್ಲಿ ಬದುಕುವ ಮಹಿಳೆಯರಲ್ಲಿ ಅಂತಹ, ಯಾವ ರಾಸಾಯನಿಕವೂ ಸೋಂಕದ ಹೋಲಿಕೆಯ ಗುಂಪು ಎಲ್ಲಿಯೂ ಸಿಗುವುದಿಲ್ಲ. ಮನುಷ್ಯರ ಮೇಲಿನ ಅಧ್ಯಯನಗಳು ಇಷ್ಟು ಕಷ್ಟವಾಗಿರುವುದಕ್ಕೂ ‘ಪುರಾವೆ ಇಲ್ಲ’ ಎಂಬ ಮಾತು ಇಷ್ಟು ಸುಲಭವಾಗಿ ಹೊರಡುವುದಕ್ಕೂ ಇದೇ ಮೂಲ ಕಾರಣ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ನ್ಯಾಯವಾದ ಆಕ್ಷೇಪ. ಬಿಪಿಎ ಈಸ್ಟ್ರೋಜೆನ್ ರಿಸೆಪ್ಟರಿಗೆ ಅಂಟಿಕೊಳ್ಳುವ ಶಕ್ತಿ ನಿಜವಾದ ಈಸ್ಟ್ರೋಜೆನ್‌ಗಿಂತ ಸಾವಿರದಿಂದ ಹತ್ತು ಸಾವಿರ ಪಟ್ಟು ಕಡಿಮೆ. ಪ್ರಯೋಗಾಲಯದ ತಟ್ಟೆಯಲ್ಲಿ ಕೋಶಗಳನ್ನು ಬೆಳೆಸಿದ ಪ್ರಮಾಣ ಹೆಚ್ಚಿನ ಸಂದರ್ಭಗಳಲ್ಲಿ ಜನರ ರಕ್ತದಲ್ಲಿ ಸಿಗುವುದಕ್ಕಿಂತ ಹೆಚ್ಚು. ಮೇಲಾಗಿ, ಈಗಾಗಲೇ ಕ್ಯಾನ್ಸರ್ ಆಗಿರುವ ಕೋಶ ವೇಗವಾಗಿ ಬೆಳೆಯುವುದು ಒಂದು ಸಂಗತಿ, ಆರೋಗ್ಯವಂತ ಕೋಶ ಕ್ಯಾನ್ಸರ್ ಆಗುವುದು ಇನ್ನೊಂದು. ಹೀಗಿರುವಾಗ ‘ಪ್ಲಾಸ್ಟಿಕ್ ಡಬ್ಬಿಯಲ್ಲಿ ಊಟ ಮಾಡಿದರೆ ಕ್ಯಾನ್ಸರ್ ಬರುತ್ತದೆ’ ಎಂಬ ವಾಟ್ಸ್‌ಆ್ಯಪ್ ಸಂದೇಶಗಳನ್ನು ನಾನು ಒಪ್ಪುವುದಿಲ್ಲ. ಚಿಕಿತ್ಸೆಯಲ್ಲಿರುವ ಮಹಿಳೆಯರು ಅದನ್ನು ಓದಿ ‘ನನ್ನ ಅಡುಗೆಮನೆಯೇ ನನಗೆ ಮುಳುವಾಯಿತು’ ಎಂದು ಕೊರಗುವುದನ್ನು ಕಂಡಿದ್ದೇನೆ. ಅದಕ್ಕಿಂತ ದೊಡ್ಡ ಅನ್ಯಾಯ ಬೇರಿಲ್ಲ.

ಆದರೆ ಆ ಆಕ್ಷೇಪ ಎರಡು ಕಡೆ ಸೋಲುತ್ತದೆ. ಮೊದಲನೆಯದು, ಒಂದೊಂದೇ ರಾಸಾಯನಿಕವನ್ನು ತೂಗಿ ನೋಡುವ ಕ್ರಮ. 2002ರಲ್ಲಿ ಲಂಡನ್ನಿನ ಸಂಶೋಧಕರು ಈಸ್ಟ್ರೋಜೆನ್ ಗುಣವುಳ್ಳ ಎಂಟು ದುರ್ಬಲ ರಾಸಾಯನಿಕಗಳನ್ನು, ಒಂದೊಂದಾಗಿ ಕೊಟ್ಟರೆ ಯಾವ ಪರಿಣಾಮವೂ ಕಾಣದಷ್ಟು ಕಡಿಮೆ ಪ್ರಮಾಣದಲ್ಲಿ ತೆಗೆದುಕೊಂಡು, ಒಟ್ಟಿಗೆ ಸೇರಿಸಿದರು. ಮನುಷ್ಯರ ಈಸ್ಟ್ರೋಜೆನ್ ರಿಸೆಪ್ಟರನ್ನು ಅಳವಡಿಸಿದ ಯೀಸ್ಟ್ ಕೋಶಗಳಲ್ಲಿ ಆ ಮಿಶ್ರಣದ ಪರಿಣಾಮ ಸ್ಪಷ್ಟವಾಗಿ ಕಾಣಿಸಿತು. ಉಡುಪಿಯ ರಥಬೀದಿಯಲ್ಲಿ ಒಬ್ಬನೇ ಹಗ್ಗ ಹಿಡಿದರೆ ತೇರು ಕದಲುವುದಿಲ್ಲ. ಅಷ್ಟರಿಂದ ಅವನ ಕೈಯಲ್ಲಿ ಬಲವೇ ಇಲ್ಲ ಎಂದು ಯಾರೂ ಹೇಳುವುದಿಲ್ಲ. ನಮ್ಮ ಒಂದು ದಿನದ ಬದುಕಿನಲ್ಲಿ ಈ ಹಗ್ಗ ಹಿಡಿಯುವವರು ಹಲವರಿದ್ದಾರೆ: ತಗಡಿನ ಡಬ್ಬಿಯ ಒಳಲೇಪ, ಮುಖಕ್ಕೆ ಹಚ್ಚುವ ಕ್ರೀಮು ಕೆಡದಂತೆ ಸೇರಿಸುವ ಪ್ಯಾರಾಬೆನ್, ಬಸ್ಸಿನ ಟಿಕೆಟ್. ಬಸ್ಸಿನಲ್ಲಿ ಕಂಡಕ್ಟರ್ ಮೆಷಿನ್‌ನಿಂದ ಹರಿದುಕೊಡುವ ನುಣುಪು ಟಿಕೆಟ್ಟನ್ನು ಉಗುರಿನಿಂದ ಗೀರಿ ನೋಡಿ, ಕಪ್ಪು ಗೆರೆ ಮೂಡುತ್ತದೆ. ಬಿಸಿಗೆ ಕಪ್ಪಾಗುವ ಇಂತಹ ಕಾಗದದ ಲೇಪದಲ್ಲಿ ಬಹುಕಾಲದಿಂದ ಬಳಸುತ್ತಿರುವುದು ಬಿಪಿಎ ಅಥವಾ ಅದರ ಸೋದರ ಬಿಪಿಎಸ್. ಯುರೋಪ್ ಒಕ್ಕೂಟ 2020ರಿಂದ ಇಂತಹ ಕಾಗದದಲ್ಲಿ ಬಿಪಿಎಯನ್ನು ಬಹುಮಟ್ಟಿಗೆ ನಿರ್ಬಂಧಿಸಿದೆ. ಒಂದು ಟಿಕೆಟ್ ಮುಟ್ಟಿದ ಪ್ರಯಾಣಿಕರ ಮಾತು ಬೇರೆ, ಬೆಳಗ್ಗಿನಿಂದ ರಾತ್ರಿಯವರೆಗೆ ಅದನ್ನೇ ಹರಿಯುವ ಕಂಡಕ್ಟರನ, ಸೂಪರ್ ಮಾರ್ಕೆಟ್ಟಿನ ಬಿಲ್ ಕೌಂಟರಿನಲ್ಲಿ ನಿಂತ ಹುಡುಗಿಯ ಮಾತು ಬೇರೆ.

ಆಕ್ಷೇಪ ಸೋಲುವ ಎರಡನೆಯ ಸ್ಥಳ ವಯಸ್ಸು. ನನ್ನ ಪತ್ರದ ಮುಖ್ಯ ವಿಷಯ ಇದೇ.

ಅನಾ ಸೋಟೊ ಅವರ ತಂಡ ಟ್ಯೂಬಿನ ಪ್ರಕರಣದಿಂದ ಕಲಿತದ್ದನ್ನು ಒಂದು ಪರೀಕ್ಷಾ ವಿಧಾನವಾಗಿ ರೂಪಿಸಿ, ಎಂಸಿಎಫ್-7 ಕೋಶಗಳ ಮೇಲೆ ಹಲವು ಕೀಟನಾಶಕಗಳನ್ನು ಪರೀಕ್ಷಿಸಿತು. ಕೋಶಗಳನ್ನು ಕೆಲವು ದಿನ ಬೆಳೆಸಿ ಎಷ್ಟಾದವು ಎಂದು ಎಣಿಸುವುದೇ ಆ ವಿಧಾನ. 1994ರಲ್ಲಿ ಪ್ರಕಟವಾದ ಆ ವರದಿಯಲ್ಲಿ ಈಸ್ಟ್ರೋಜೆನ್‌ನಂತೆ ವರ್ತಿಸಿದ ಮೂರು ಕೀಟನಾಶಕಗಳ ಹೆಸರುಗಳಿದ್ದವು: ಟಾಕ್ಸಫೀನ್, ಡೀಲ್ಡ್ರಿನ್ ಮತ್ತು ಎಂಡೋಸಲ್ಫಾನ್. ಮೂರನೆಯ ಹೆಸರನ್ನು ಈ ಜಿಲ್ಲೆಯ ಓದುಗರಿಗೆ ಪರಿಚಯಿಸಬೇಕಾಗಿಲ್ಲ. ಬೋಸ್ಟನ್ನಿನಲ್ಲಿ ಆ ವರದಿ ಅಚ್ಚಾದ ವರ್ಷವೂ ನಮ್ಮ ಕಡೆಯ ಗೇರು ತೋಟಗಳ ಮೇಲೆ, ಟೀ ಸೊಳ್ಳೆ ಎಂಬ ಗೇರಿನ ಕೀಟವನ್ನು ಕೊಲ್ಲಲೆಂದು, ಅದೇ ವಿಷವನ್ನು ಹೆಲಿಕಾಪ್ಟರಿನಿಂದ ಸುರಿಯಲಾಗುತ್ತಿತ್ತು. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ಗಡಿಯಾಚೆ ಕಾಸರಗೋಡಿನ ಪಡ್ರೆ, ಹೀಗೆ ಊರುಗಳ ಹೆಸರು ಎಲ್ಲರಿಗೂ ಗೊತ್ತು. ಸುಮಾರು ಎರಡು ದಶಕ ನಡೆದ ವೈಮಾನಿಕ ಸಿಂಪಡಣೆ ನಿಂತದ್ದು 2000ದ ಹೊತ್ತಿಗೆ; ಸುಪ್ರೀಂ ಕೋರ್ಟ್ ದೇಶದಾದ್ಯಂತ ಎಂಡೋಸಲ್ಫಾನ್ ನಿಷೇಧಿಸಿದ್ದು 2011ರ ಮೇ 13ರಂದು. ಅಂಗವೈಕಲ್ಯದಿಂದ ನರಳುವ ಮಕ್ಕಳ, ಅವರನ್ನು ನೋಡಿಕೊಳ್ಳುವ ತಾಯಂದಿರ ಹೋರಾಟ ಇಷ್ಟು ವರ್ಷ ನಡೆದದ್ದು ನ್ಯಾಯ, ಅವರಿಗೆ ಸಿಗಬೇಕಾದದ್ದು ಇನ್ನೂ ಬಹಳವಿದೆ. ಆದರೆ ಆ ಚರ್ಚೆಯಲ್ಲಿ, ಹೊರನೋಟಕ್ಕೆ ಆರೋಗ್ಯವಾಗಿಯೇ ಬೆಳೆದ ಹುಡುಗಿಯರ ಬಗ್ಗೆ ಕೇಳಿದವರು ಕಡಿಮೆ.

ಹುಡುಗಿಯರ ಬಗ್ಗೆ ಏಕೆ ಕೇಳಬೇಕು ಎಂಬುದಕ್ಕೆ ಉತ್ತರ ಕ್ಯಾಲಿಫೋರ್ನಿಯಾದಿಂದ ಬಂದಿದೆ. ಅಲ್ಲಿ 1959ರಿಂದ 1967ರ ನಡುವೆ ಹೆರಿಗೆಯಾದ ತಾಯಂದಿರ ರಕ್ತವನ್ನು ಮುಂದಿನ ಸಂಶೋಧನೆಗೆಂದು ಶೈತ್ಯದಲ್ಲಿ ಕಾಪಿಟ್ಟಿದ್ದರು. ಬಾರ್ಬರಾ ಕೋನ್ ಮತ್ತು ಸಹೋದ್ಯೋಗಿಗಳು, ಅವರಲ್ಲಿ 50 ವರ್ಷದೊಳಗೆ ಸ್ತನ ಕ್ಯಾನ್ಸರ್ ಬಂದ 129 ಮಂದಿಯ ರಕ್ತದಲ್ಲಿ ಡಿಡಿಟಿ ಎಂಬ ಕೀಟನಾಶಕ ಎಷ್ಟಿತ್ತು ಎಂಬುದನ್ನು, ರೋಗ ಬಾರದ ಅಷ್ಟೇ ಮಂದಿಯ ರಕ್ತದೊಂದಿಗೆ ಹೋಲಿಸಿ 2007ರಲ್ಲಿ ಪ್ರಕಟಿಸಿದರು. 1945ರಲ್ಲಿ ಡಿಡಿಟಿ ವ್ಯಾಪಕವಾಗಿ ಬಳಕೆಗೆ ಬಂದಾಗ 14 ವರ್ಷದೊಳಗಿನವರಾಗಿದ್ದು, ರಕ್ತದಲ್ಲಿ ಹೆಚ್ಚು ಡಿಡಿಟಿ ಇದ್ದ ಮಹಿಳೆಯರಲ್ಲಿ ಸ್ತನ ಕ್ಯಾನ್ಸರಿನ ಅಪಾಯ ಐದು ಪಟ್ಟು ಹೆಚ್ಚಿತ್ತು; ಆಗ 14 ದಾಟಿದ್ದವರಲ್ಲಿ ಅಂತಹ ಸಂಬಂಧ ಕಾಣಲಿಲ್ಲ. ಇದಕ್ಕೆ ಮೊದಲು, 2002ರಲ್ಲಿ, ನ್ಯೂಯಾರ್ಕಿನ ಲಾಂಗ್ ಐಲ್ಯಾಂಡಿನಲ್ಲಿ ನಡೆದ ದೊಡ್ಡ ಅಧ್ಯಯನವೊಂದು ಡಿಡಿಟಿಗೂ ಸ್ತನ ಕ್ಯಾನ್ಸರಿಗೂ ಸಂಬಂಧ ಕಾಣುವುದಿಲ್ಲ ಎಂದು ಹೇಳಿತ್ತು. ಆದರೆ ಅಲ್ಲಿ ರಕ್ತ ತೆಗೆದದ್ದು ರೋಗ ಪತ್ತೆಯಾಗುವ ವಯಸ್ಸಿನಲ್ಲಿ. ಬಾಲ್ಯದಲ್ಲಿ ಆದದ್ದನ್ನು ನಡುವಯಸ್ಸಿನ ರಕ್ತ ಹೇಳಲಾರದು. ಋತುಮತಿಯಾಗುವ ಆಸುಪಾಸಿನ ವರ್ಷಗಳಲ್ಲಿ ಸ್ತನದ ನಾಳಗಳು ಕವಲೊಡೆದು ಬೆಳೆಯುತ್ತಿರುತ್ತವೆ, ಕೋಶಗಳು ಬಹುವೇಗವಾಗಿ ವಿಭಜನೆಗೊಳ್ಳುತ್ತಿರುತ್ತವೆ. ಆ ವಯಸ್ಸಿನಲ್ಲಿ ತಗುಲಿದ್ದರ ಪರಿಣಾಮ ಮೂವತ್ತು ನಲುವತ್ತು ವರ್ಷಗಳ ಮೇಲೆ ಕಾಣಬಹುದು. ಹಿರೋಷಿಮಾ ಮತ್ತು ನಾಗಾಸಾಕಿಯ ವಿಕಿರಣಕ್ಕೆ ಎಳೆಯ ವಯಸ್ಸಿನಲ್ಲಿ ಸಿಲುಕಿದ ಹುಡುಗಿಯರಲ್ಲಿಯೇ ಮುಂದೆ ಸ್ತನ ಕ್ಯಾನ್ಸರಿನ ಅಪಾಯ ಹೆಚ್ಚಾಗಿ ಕಂಡುಬಂದದ್ದೂ ಇದೇ ಕಾರಣದಿಂದ.

ಲೆಕ್ಕ ಹಾಕಿ ನೋಡಿ. ಸಿಂಪಡಣೆಯ ಆ ಎರಡು ದಶಕಗಳಲ್ಲಿ ಎಂಟರಿಂದ ಹದಿನಾಲ್ಕು ವರ್ಷದವರಾಗಿದ್ದ ಹುಡುಗಿಯರು ಇಂದು ಸುಮಾರಾಗಿ ಮೂವತ್ತೈದರಿಂದ ಅರುವತ್ತರ ನಡುವಿನ ಮಹಿಳೆಯರು. ಸ್ತನ ಕ್ಯಾನ್ಸರ್ ನಮ್ಮ ದೇಶದಲ್ಲಿ ಹೆಚ್ಚಾಗಿ ಪತ್ತೆಯಾಗುವ ವಯಸ್ಸು ಇದೇ.

ನನ್ನ ತಮ್ಮನ ಹೆಂಡತಿ ಅವರಲ್ಲಿ ಒಬ್ಬಳು. ಆಕೆಯ ತವರು ಸಿಂಪಡಣೆ ನಡೆದ ಗೇರು ಗುಡ್ಡೆಯ ಬುಡದಲ್ಲಿದೆ. ಈಚೆಗೆ ಎದೆಯಲ್ಲಿ ಗಂಟು ಕಾಣಿಸಿಕೊಂಡು ನಗರದ ಆಸ್ಪತ್ರೆಯೊಂದಕ್ಕೆ ಹೋದಾಗ ನಾನೂ ಜೊತೆಯಲ್ಲಿದ್ದೆ. ಕೇಸ್ ಶೀಟ್ ಬರೆಯುತ್ತಿದ್ದ ಕಿರಿಯ ವೈದ್ಯೆ ಬಹಳ ಸಮಾಧಾನದಿಂದ, ಗೌರವದಿಂದ ಕೇಳಿದರು: ಮೊದಲ ಮುಟ್ಟು ಯಾವ ವಯಸ್ಸಿನಲ್ಲಿ ಆಯಿತು, ಮಕ್ಕಳೆಷ್ಟು, ಎಷ್ಟು ತಿಂಗಳು ಹಾಲುಣಿಸಿದಿರಿ, ತಾಯಿಗೆ ಅಥವಾ ಚಿಕ್ಕಮ್ಮಂದಿರಿಗೆ ಈ ಕಾಯಿಲೆ ಇತ್ತೇ. ವಿಳಾಸದ ಜಾಗದಲ್ಲಿ ಈಗ ಅವರಿರುವ ಮಂಗಳೂರಿನ ಬಾಡಿಗೆ ಮನೆಯ ವಿಳಾಸ ಬಿತ್ತು. ಹೊರಗೆ ಬಂದು ಬೆಂಚಿನಲ್ಲಿ ಕುಳಿತ ಮೇಲೆ ಆಕೆ ನನ್ನಲ್ಲಿ ಕೇಳಿದಳು: “ಅತ್ತಿಗೆ, ನಾವು ಸಣ್ಣವರಿರುವಾಗ ಹೆಲಿಕಾಪ್ಟರ್ ಬಂತು ಅಂದರೆ ನೋಡಲಿಕ್ಕೆ ಗುಡ್ಡೆಗೆ ಓಡುತ್ತಿದ್ದೆವು. ಅಮ್ಮ ಬಾವಿಗೆ ಮಡಲು ಮುಚ್ಚಲಿಕ್ಕೆ ಹೇಳಿದರೆ ಅರ್ಧ ಮುಚ್ಚಿ ಓಡುವುದು. ತಲೆ ಮೇಲೆಲ್ಲ ತುಂತುರು ಬೀಳುತ್ತಿತ್ತು. ಅದನ್ನು ಡಾಕ್ಟರಿಗೆ ಹೇಳಬೇಕಿತ್ತಾ?” ಹೇಳಬೇಕಿತ್ತು. ಆದರೆ ಅದನ್ನು ಬರೆದುಕೊಳ್ಳುವುದಕ್ಕೆ ಆ ಕಾಗದದಲ್ಲಿ ಜಾಗವಿರಲಿಲ್ಲ. ಆಕೆಯ ರೋಗಕ್ಕೆ ಎಂಡೋಸಲ್ಫಾನ್ ಕಾರಣ ಎಂದು ನಾನು ಹೇಳುತ್ತಿಲ್ಲ; ಒಬ್ಬ ರೋಗಿಯ ವಿಷಯದಲ್ಲಿ ಹಾಗೆ ಹೇಳಲು ಯಾರಿಂದಲೂ ಸಾಧ್ಯವಿಲ್ಲ. ಆದರೆ ಆಕೆಯಂತಹ ನೂರಾರು ಮಂದಿಯ ಬಾಲ್ಯದ ಊರು ದಾಖಲಾದರೆ ಮಾತ್ರ ಹೌದು ಅಥವಾ ಅಲ್ಲ ಎಂದು ಹೇಳುವ ದಾರಿ ತೆರೆಯುತ್ತದೆ. ದಾಖಲಾಗದಿದ್ದರೆ ‘ಪುರಾವೆ ಇಲ್ಲ’ ಎಂಬ ಮಾತು ಇನ್ನೂ ಐವತ್ತು ವರ್ಷ ಸತ್ಯವಾಗಿಯೇ ಉಳಿಯುತ್ತದೆ.

ಹಾರ್ಮೋನಿನ ದೃಷ್ಟಿಯಿಂದ ಇಲ್ಲಿ ಯಾರೂ ಏನೂ ನೋಡಿಲ್ಲ ಎಂದಲ್ಲ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಕಾಸರಗೋಡಿನ ಸಿಂಪಡಣೆ ಪ್ರದೇಶದ 117 ಹುಡುಗರನ್ನು ಸಿಂಪಡಣೆ ಇಲ್ಲದ ಪ್ರದೇಶದ 90 ಹುಡುಗರೊಂದಿಗೆ ಹೋಲಿಸಿ, ವಿಷಕ್ಕೆ ಒಡ್ಡಿಕೊಂಡವರಲ್ಲಿ ಪ್ರೌಢಾವಸ್ಥೆಯ ಬೆಳವಣಿಗೆ ತಡವಾಗಿರಬಹುದು ಎಂದು 2003ರಲ್ಲಿ ವರದಿ ಮಾಡಿದ್ದರು. ಎಂಡೋಸಲ್ಫಾನ್ ನಮ್ಮ ಮಕ್ಕಳ ಹಾರ್ಮೋನುಗಳನ್ನು ಮುಟ್ಟಿರಬಹುದು ಎಂಬ ಸೂಚನೆ ಅಂದೇ ಸಿಕ್ಕಿತ್ತು. ಅದೇ ಗುಡ್ಡೆಗಳ ಹುಡುಗಿಯರು ನಡುವಯಸ್ಸಿಗೆ ಬಂದಾಗ ಏನಾಯಿತು ಎಂದು ಕೇಳುವುದು ಅದರ ಮುಂದಿನ ಹೆಜ್ಜೆ.

ನಮ್ಮಲ್ಲಿ ಕ್ಯಾಲಿಫೋರ್ನಿಯಾದಂತೆ ಕಾಪಿಟ್ಟ ರಕ್ತವಿಲ್ಲ. ಆದರೆ ನಮ್ಮಲ್ಲಿ ಶಾಲೆಗಳಿವೆ, ಶಾಲೆಗಳಲ್ಲಿ ದಾಖಲಾತಿ ಪುಸ್ತಕಗಳಿವೆ. ಯಾವ ಹುಡುಗಿ ಯಾವ ವರ್ಷ ಯಾವ ಊರಿನ ಪ್ರಾಥಮಿಕ ಶಾಲೆಯಲ್ಲಿ ಓದುತ್ತಿದ್ದಳು ಎಂಬುದು ಮುಖ್ಯೋಪಾಧ್ಯಾಯರ ಕಪಾಟಿನಲ್ಲಿ ಇಂದಿಗೂ ಉಂಟು. ಯಾವ ತೋಟದ ಮೇಲೆ ಯಾವ ವರ್ಷ ಸಿಂಪಡಣೆ ನಡೆಯಿತು ಎಂಬುದಕ್ಕೆ ಕಡತಗಳಿರಲೇಬೇಕು. ಗಡ್ಡೆ ಇಆರ್ ಪಾಸಿಟಿವ್ ಹೌದೋ ಅಲ್ಲವೋ ಎಂಬುದನ್ನು ಆಸ್ಪತ್ರೆಗಳು ಈಗಾಗಲೇ ಬರೆದಿಡುತ್ತಿವೆ. ಈ ಮೂರನ್ನು ಒಂದೆಡೆ ತಂದರೆ ಸಾಕು, ಹೊಸ ಯಂತ್ರ ಬೇಡ, ದುಬಾರಿ ಪರೀಕ್ಷೆ ಬೇಡ. ಕೇಸ್ ಶೀಟಿನಲ್ಲಿ ‘ಐದರಿಂದ ಹದಿನೈದನೆಯ ವಯಸ್ಸಿನವರೆಗೆ ಯಾವ ಊರಿನಲ್ಲಿದ್ದಿರಿ’ ಎಂಬ ಒಂದು ಸಾಲು ಸೇರಿದರೆ ಕೆಲಸ ಆರಂಭವಾಗುತ್ತದೆ. ಹೋಲಿಕೆಯನ್ನು ಅದೇ ತಾಲೂಕಿನ, ಸಿಂಪಡಣೆ ನಡೆಯದ ಊರುಗಳಲ್ಲಿ ಬೆಳೆದ, ಅದೇ ವಯಸ್ಸಿನ ಮಹಿಳೆಯರೊಂದಿಗೆ ಮಾಡಬೇಕು. ಮಕ್ಕಳ ಸಂಖ್ಯೆ, ಹಾಲುಣಿಸಿದ ಅವಧಿ, ತೂಕ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಒಂದೊಂದು ಊರಿನ ಸಂಖ್ಯೆ ಚಿಕ್ಕದಾದ್ದರಿಂದ ಗಡಿಯ ಎರಡೂ ಕಡೆಯವರನ್ನು ಸೇರಿಸಿಕೊಳ್ಳಬೇಕು. ಕಾಸರಗೋಡಿನ ಜನ ದೊಡ್ಡ ಕಾಯಿಲೆಗೆ ಬರುವುದು ಮಂಗಳೂರಿಗೇ. 2020ರ ಲಾಕ್‌ಡೌನ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಅವರು ಪಟ್ಟ ಪಾಡನ್ನು ನಾವೆಲ್ಲ ಕಂಡಿದ್ದೇವೆ. ಎರಡು ರಾಜ್ಯಗಳ ಸಿಂಪಡಣೆ ಪ್ರದೇಶಗಳ ರೋಗಿಗಳು ಒಂದೇ ನಗರದ ಆಸ್ಪತ್ರೆಗಳಿಗೆ ಬರುತ್ತಾರೆ. ಇಷ್ಟು ವೈದ್ಯಕೀಯ ಕಾಲೇಜುಗಳಿರುವ ನಗರಕ್ಕೆ ಇದು ಕಷ್ಟದ ಕೆಲಸವಲ್ಲ. ಉತ್ತರ ‘ಸಂಬಂಧವಿಲ್ಲ’ ಎಂದೇ ಬಂದರೆ, ಆ ಊರುಗಳ ಮಹಿಳೆಯರಿಗೆ ಅಷ್ಟರಮಟ್ಟಿಗೆ ನೆಮ್ಮದಿ ಸಿಗುತ್ತದೆ. ಸಂಬಂಧ ಉಂಟು ಎಂದಾದರೆ ಅವರಿಗೆ ಮ್ಯಾಮೊಗ್ರಾಂ ತಪಾಸಣೆಯನ್ನು ಬೇಗನೆ, ಸರ್ಕಾರದ ಖರ್ಚಿನಲ್ಲಿ ಆರಂಭಿಸಬೇಕಾಗುತ್ತದೆ.

ವಯಸ್ಸು ಇಷ್ಟು ಮುಖ್ಯವಾದರೆ ಇಂದಿನ ಹುಡುಗಿಯರ ವಿಷಯವನ್ನೂ ಹೇಳಬೇಕು. ಡಿಡಿಟಿಯಂತೆ ಬಿಪಿಎ, ಪ್ಯಾರಾಬೆನ್, ಪ್ಲಾಸ್ಟಿಕ್ಕನ್ನು ಮೆದುಗೊಳಿಸಲು ಮತ್ತು ಸೌಂದರ್ಯ ಸಾಧನಗಳಲ್ಲಿ ಬಳಸುವ ಥಾಲೇಟ್‌ಗಳು ದೇಹದಲ್ಲಿ ವರ್ಷಗಟ್ಟಲೆ ಕುಳಿತಿರುವುದಿಲ್ಲ, ಒಂದೆರಡು ದಿನಗಳಲ್ಲಿ ಮೂತ್ರದಲ್ಲಿ ಹೊರಹೋಗುತ್ತವೆ. ದಿನವೂ ಒಳಬರುವುದರಿಂದ ದಿನವೂ ಇರುತ್ತವೆ. ಕ್ಯಾಲಿಫೋರ್ನಿಯಾದ ಸಲಿನಾಸ್‌ನಲ್ಲಿ 100 ಹದಿಹರೆಯದ ಹುಡುಗಿಯರು ಮೂರು ದಿನ ಪ್ಯಾರಾಬೆನ್ ಮುಂತಾದವು ಇಲ್ಲದ ಸೋಪು, ಕ್ರೀಮು, ಶ್ಯಾಂಪೂ ಬಳಸಿದಾಗ ಅವರ ಮೂತ್ರದಲ್ಲಿ ಮೀಥೈಲ್ ಪ್ಯಾರಾಬೆನ್ ಶೇ 44ರಷ್ಟು ಇಳಿಯಿತು ಎಂದು 2016ರ ವರದಿ ಹೇಳುತ್ತದೆ. ಡಬ್ಬಿ, ಪ್ಯಾಕೆಟ್‌ಗಳ ಆಹಾರವನ್ನು ಮೂರು ದಿನ ಬಿಟ್ಟು ತಾಜಾ ಅಡುಗೆ ಉಂಡ ಐದು ಕುಟುಂಬಗಳಲ್ಲಿ ಬಿಪಿಎ ಸರಾಸರಿ ಶೇ 66ರಷ್ಟು ಕಡಿಮೆಯಾಯಿತು. ಇದು 2011ರ ಮಾತು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು 2023ರಲ್ಲಿ ಪ್ರಕಟವಾದ, ಶನಾಜ್ ದೈರ್ಕೀ ಮತ್ತು ವಿಲಿಯಂ ಗುಡ್‌ಸನ್ ಅವರ ತಂಡದ ಚಿಕ್ಕ ಅಧ್ಯಯನ. ಪ್ಯಾರಾಬೆನ್ ಮತ್ತು ಥಾಲೇಟ್ ಇರುವ ಸೌಂದರ್ಯ ಸಾಧನಗಳನ್ನು 28 ದಿನ ಬಿಟ್ಟ ಆರೋಗ್ಯವಂತ ಮಹಿಳೆಯರ ಸ್ತನದಿಂದ ಸೂಜಿಯ ಮೂಲಕ ತೆಗೆದ ಕೋಶಗಳಲ್ಲಿ, ಕ್ಯಾನ್ಸರ್‌ಗೆ ಸಂಬಂಧಿಸಿದ ಕೆಲವು ಜೀನ್ ಚಟುವಟಿಕೆಗಳು ಹಿಂದಿನದಕ್ಕಿಂತ ಕಡಿಮೆಯಾಗಿದ್ದವು. ಇದೇ ತಂಡ ಹಿಂದೆ, ಅಪಾಯ ಹೆಚ್ಚಿರುವ ಮಹಿಳೆಯರ ಕ್ಯಾನ್ಸರ್‌ರಹಿತ ಸ್ತನಕೋಶಗಳು ಬಿಪಿಎ ಸೋಂಕಿದ ಮೇಲೆ ಟ್ಯಾಮಾಕ್ಸಿಫೆನ್‌ಗೆ ಸರಿಯಾಗಿ ಸ್ಪಂದಿಸುವುದಿಲ್ಲ ಎಂದೂ ತೋರಿಸಿತ್ತು. ತಟ್ಟೆಯಲ್ಲಿ ಕಂಡದ್ದಕ್ಕೂ ದೇಹದಲ್ಲಿ ಆಗುವುದಕ್ಕೂ ನಡುವಿನ ದೂರ ಇಂತಹ ಕೆಲಸದಿಂದಲೇ ಕಡಿಮೆಯಾಗಬೇಕು. ಚಿಕಿತ್ಸೆಯಲ್ಲಿರುವವರು ಮಾತ್ರ ಇದನ್ನು ಓದಿ ಮಾತ್ರೆ ಬಿಡಬಾರದು. ಟ್ಯಾಮಾಕ್ಸಿಫೆನ್ ಜೀವ ಉಳಿಸುತ್ತದೆ ಎಂಬುದರಲ್ಲಿ ಯಾವ ಸಂಶಯವೂ ಇಲ್ಲ.

ಹಾಗೆಂದು ಎಲ್ಲ ಭಾರವನ್ನೂ ತಾಯಂದಿರ ಮೇಲೆ ಹೊರಿಸುವುದು ಸರಿಯಲ್ಲ. ಬಿಸಿ ಸಾರನ್ನು ಪ್ಲಾಸ್ಟಿಕ್ ತೊಟ್ಟೆಗೆ ಹೊಯ್ದು ಕೊಡುವ ಹೋಟೆಲಿನವರಿಗೆ ಸ್ಟೀಲಿನ ಪಾತ್ರೆ ಕೊಂಡುಹೋಗಬಹುದು, ಶಾಲೆಯ ಮಗಳಿಗೆ ಸ್ಟೀಲಿನ ನೀರಿನ ಬಾಟಲಿ ಕೊಡಬಹುದು. ಅದಕ್ಕಿಂತ ಮುಂದೆ ಒಂದು ಮನೆಯಿಂದ ಆಗುವುದು ಕಡಿಮೆ. ಆಹಾರದ ಪ್ಲಾಸ್ಟಿಕ್ಕಿಗೆ ನಮ್ಮಲ್ಲಿರುವ ಮುಖ್ಯ ಪರೀಕ್ಷೆಯು ಅದರಿಂದ ಆಹಾರಕ್ಕೆ ಒಟ್ಟು ಎಷ್ಟು ವಸ್ತು ಇಳಿಯುತ್ತದೆ ಎಂದು ತೂಗುತ್ತದೆ, ಕಿಲೋಗೆ 60 ಮಿಲಿಗ್ರಾಂ ಮೀರದಿದ್ದರೆ ಅದು ಉತ್ತೀರ್ಣ. ಹಾರ್ಮೋನುಗಳು ಕೆಲಸ ಮಾಡುವುದು ಅದರ ಲಕ್ಷಾಂತರ ಪಾಲು ಕಡಿಮೆ ಪ್ರಮಾಣದಲ್ಲಿ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ ಬಿಪಿಎಯ ದಿನದ ಸಹನೀಯ ಮಿತಿಯನ್ನು ದೇಹತೂಕದ ಪ್ರತಿ ಕಿಲೋಗೆ 0.2 ನ್ಯಾನೊಗ್ರಾಂಗೆ, ಅಂದರೆ ಹಿಂದಿನದರ ಇಪ್ಪತ್ತು ಸಾವಿರದಲ್ಲಿ ಒಂದು ಪಾಲಿಗೆ ಇಳಿಸಿತು. 2024ರ ಕೊನೆಯಲ್ಲಿ ಆಹಾರ ಸೋಕುವ ವಸ್ತುಗಳಲ್ಲಿ ಅದನ್ನು ನಿಷೇಧಿಸುವ ನಿಯಮ ಅಲ್ಲಿ ಅಂಗೀಕಾರವಾಯಿತು. ಇತ್ತ ಅಂಗಡಿಗಳಲ್ಲಿ ‘ಬಿಪಿಎ ರಹಿತ’ ಎಂಬ ಚೀಟಿ ಕಂಡು ನಾವು ಸಮಾಧಾನಪಡುತ್ತೇವೆ. ಬಿಪಿಎ ಜಾಗಕ್ಕೆ ಬಂದ ಬಿಪಿಎಸ್, ಬಿಪಿಎಫ್‌ಗಳನ್ನು ಅದೇ ಎಂಸಿಎಫ್-7 ಕೋಶಗಳ ಮೇಲೆ ಹಾಕಿದಾಗ ಅವೂ ಈಸ್ಟ್ರೋಜೆನ್‌ನಂತೆಯೇ ವರ್ತಿಸಿವೆ. ತೂಕದ ಪರೀಕ್ಷೆಯ ಜೊತೆಗೆ ಕೋಶಗಳ ಮೇಲಿನ ಪರೀಕ್ಷೆಯನ್ನೂ ಕಡ್ಡಾಯಗೊಳಿಸುವುದು ಕೇಂದ್ರದ ಕೆಲಸ, ಅದನ್ನು ನಮ್ಮ ಸಂಸದರು ಕೇಳಬೇಕು.

ಜಿಲ್ಲೆಯ ಮಟ್ಟದಲ್ಲಿ ಆಗಬಹುದಾದದ್ದಕ್ಕೆ ತಮ್ಮ ಪತ್ರಿಕೆಯ ನೆರವು ಬೇಕು. ಸಿಂಪಡಣೆಯ ಊರು ಮತ್ತು ವರ್ಷಗಳ ಕಡತ ಈಗ ಯಾವ ಕಚೇರಿಯಲ್ಲಿದೆ, ಅದನ್ನು ಸಂಶೋಧಕರಿಗೆ ಕೊಡಲಾಗುತ್ತದೆಯೇ ಎಂದು ಜಿಲ್ಲಾಡಳಿತವನ್ನೂ, ಸ್ತನ ಕ್ಯಾನ್ಸರ್ ರೋಗಿಯ ಕೇಸ್ ಶೀಟಿನಲ್ಲಿ ಬಾಲ್ಯದ ಊರನ್ನು ಬರೆದುಕೊಳ್ಳಲು ಸಿದ್ಧರಿದ್ದೀರಾ ಎಂದು ಮಂಗಳೂರು ಮತ್ತು ಮಣಿಪಾಲದ ಆಸ್ಪತ್ರೆಗಳ ಮುಖ್ಯಸ್ಥರನ್ನೂ ತಮ್ಮ ವರದಿಗಾರರು ಕೇಳಿ, ಬಂದ ಉತ್ತರಗಳನ್ನು ಪ್ರಕಟಿಸಬೇಕೆಂದು ವಿನಂತಿಸುತ್ತೇನೆ. ಹಳೆಯ ಶಾಲೆಗಳು ಮಕ್ಕಳಿಲ್ಲದೆ ಒಂದೊಂದಾಗಿ ಮುಚ್ಚುತ್ತಿರುವುದರಿಂದ, ಆ ಊರುಗಳ ದಾಖಲಾತಿ ಪುಸ್ತಕಗಳನ್ನು ಗೆದ್ದಲು ಹಿಡಿಯುವ ಮೊದಲು ಸ್ಕ್ಯಾನ್ ಮಾಡಿ ತೆಗೆದಿಡುವಂತೆ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ ನಾನು ಪ್ರತ್ಯೇಕವಾಗಿ ಬರೆಯುತ್ತಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಜೀವಶಾಸ್ತ್ರ ಉಪನ್ಯಾಸಕಿ
ಕದ್ರಿ, ಮಂಗಳೂರು